ಅವಸರವಿಲ್ಲದ ಹತ್ತನೇ ನಂಬರ್

ಗೆಳೆಯರೇ, ನಮಸ್ಕಾರ.

ಸ್ಪ್ಯಾನಿಷ್ ಭಾಷೆಯಲ್ಲಿ ‘ಎಂಗಾಂಚೆ’ ಅಂತ ಒಂದು ಪದವಿದೆ. ಕೊಕ್ಕೆ ಎಂದರ್ಥ. ರೈಲು ಬೋಗಿಗಳನ್ನು ಸೇರಿಸುವ ಕೊಂಡಿಗೂ ಅದೇ ಹೆಸರು. ಅರ್ಜೆಂಟೀನಾದ ಫುಟ್‌ಬಾಲ್‌ನಲ್ಲಿ ಮಿಡ್‌ಫೀಲ್ಡಿಗೂ ಫಾರ್ವರ್ಡ್‌ಗಳಿಗೂ ನಡುವೆ ನಿಂತು ಆಟ ಹೆಣೆಯುವವರನ್ನು ಹೀಗೆ ಕರೆಯುತ್ತಾರೆ; ಅವರ ಅಂಗಿಯ ಮೇಲೆ ಸಾಮಾನ್ಯವಾಗಿ ಹತ್ತನೇ ನಂಬರ್. ಆ ಜಾಗದಲ್ಲಿ ಆಡಿದವರಲ್ಲಿ ನನಗೆ ಎಲ್ಲರಿಗಿಂತ ಹತ್ತಿರದವರು ಹುವಾನ್ ರೋಮನ್ ರಿಕೆಲ್ಮೆ.

ಹುಟ್ಟಿದ್ದು 1978ರಲ್ಲಿ, ಬ್ಯೂನಸ್ ಐರಿಸ್ ಹೊರವಲಯದಲ್ಲಿ. ಬಡ ಮನೆ, ಹನ್ನೊಂದು ಮಕ್ಕಳಲ್ಲಿ ಇವರೇ ಹಿರಿಯರು. 1996ರಲ್ಲಿ ಅದೇ ನಗರದ ಬೋಕಾ ಜೂನಿಯರ್ಸ್ ಕ್ಲಬ್ ಪರ ಮೊದಲ ಪಂದ್ಯ ಆಡಿದರು. 2000ದ ನವೆಂಬರ್‌ನಲ್ಲಿ ಟೋಕಿಯೋದಲ್ಲಿ ಇಂಟರ್‌ಕಾಂಟಿನೆಂಟಲ್ ಕಪ್ ಪಂದ್ಯ, ಅಂದರೆ ಯುರೋಪ್ ಮತ್ತು ದಕ್ಷಿಣ ಅಮೆರಿಕದ ಚಾಂಪಿಯನ್ ಕ್ಲಬ್‌ಗಳ ಹಣಾಹಣಿ. ಎದುರಿಗೆ ಫಿಗೊ, ರೌಲ್, ರಾಬರ್ಟೊ ಕಾರ್ಲೋಸ್ ಇದ್ದ ರಿಯಲ್ ಮ್ಯಾಡ್ರಿಡ್. ಆರನೇ ನಿಮಿಷದಲ್ಲಿ ರಿಕೆಲ್ಮೆ ತಮ್ಮ ಅರ್ಧದಿಂದಲೇ ಒಂದು ಉದ್ದನೆಯ ಪಾಸ್ ಕೊಟ್ಟರು. ಜೊತೆಗಾರ ಪಲೆರ್ಮೊ ಓಡಿಹೋಗಿ ಬೋಕಾದ ಎರಡನೇ ಗೋಲು ಹೊಡೆದರು. ಬೋಕಾ 2-1ರಿಂದ ಗೆದ್ದಿತು. ಆದರೆ ಆ ಪಾಸ್‌ಗಿಂತ ನನ್ನ ಮನಸ್ಸಲ್ಲಿ ಉಳಿದಿರುವುದು ಆಮೇಲಿನ ಆಟ. ಮ್ಯಾಡ್ರಿಡ್ ಆಟಗಾರರು ಮೇಲೆ ಬೀಳುತ್ತಿದ್ದರೂ ಚೆಂಡನ್ನು ಬೂಟಿನ ತಳದಲ್ಲಿ ಹಿಡಿದು, ಬೆನ್ನು ಅಡ್ಡ ಕೊಟ್ಟು, ಸುಮ್ಮನೆ ನಿಂತುಬಿಡುತ್ತಿದ್ದರು. ಜೊತೆಯವರು ಜಾಗಕ್ಕೆ ಬರುವವರೆಗೆ ಚೆಂಡು ಕದಲುತ್ತಿರಲಿಲ್ಲ.

ಅವರು ನಿಧಾನ ಎಂದು ಬೈದವರು ಬಹಳ. ಅದರಲ್ಲಿ ಸುಳ್ಳೇನೂ ಇಲ್ಲ; ಅವರನ್ನು ಕಟ್ಟಿಹಾಕಿದ ದಿನ ಇಡೀ ತಂಡವೇ ನಿಂತುಹೋಗುತ್ತಿತ್ತು. ಆದರೂ ಯಾವಾಗ ನಿಲ್ಲಬೇಕೆಂದು ಗೊತ್ತಿರುವುದು ಓಟಕ್ಕಿಂತ ದೊಡ್ಡ ವಿದ್ಯೆ ಎಂದೇ ನಾನು ನಂಬಿದ್ದೇನೆ.

2002ರಲ್ಲಿ ಬಾರ್ಸಿಲೋನಾಕ್ಕೆ ಹೋದರು. ಕೋಚ್ ವಾನ್ ಗಾಲ್ ಅವರನ್ನು ಪಕ್ಕದ ಗೆರೆಯ ಕಡೆಗೆ ತಳ್ಳಿದರು. ಕೊಂಡಿಯನ್ನು ರೈಲಿನ ಪಕ್ಕಕ್ಕೆ ಹಾಕಿದರೆ ಏನು ಪ್ರಯೋಜನ? ಮರುವರ್ಷವೇ ವಿಯ್ಯಾರ್ರೆಯಾಲ್ ಎಂಬ ಪುಟ್ಟ ಊರಿನ ಕ್ಲಬ್ ಸೇರಿದರು. ಅಲ್ಲಿ ಇಡೀ ತಂಡವನ್ನೇ ಅವರ ಸುತ್ತ ಕಟ್ಟಿದರು. 2005ರಲ್ಲಿ ಸ್ಪೇನ್ ಲೀಗ್‌ನಲ್ಲಿ ಮೂರನೇ ಸ್ಥಾನ. ಮುಂದಿನ ವರ್ಷ, ಯುರೋಪಿನ ದೊಡ್ಡ ಕ್ಲಬ್‌ಗಳ ಪಂದ್ಯಾವಳಿಯಾದ ಚಾಂಪಿಯನ್ಸ್ ಲೀಗ್‌ನಲ್ಲಿ ಮೊದಲ ಸಲ ಆಡಿದಾಗಲೇ ಸೆಮಿಫೈನಲ್!

2006ರ ಏಪ್ರಿಲ್ 25, ಆ ಸೆಮಿಫೈನಲ್‌ನ ಎರಡು ಪಂದ್ಯಗಳಲ್ಲಿ ಎರಡನೆಯದು. ಮೊದಲ ಪಂದ್ಯದಲ್ಲಿ ಇಂಗ್ಲೆಂಡಿನ ಆರ್ಸೆನಲ್ 1-0ರಿಂದ ಗೆದ್ದಿತ್ತು. ಈ ಪಂದ್ಯದ ಕೊನೆಯ ನಿಮಿಷಗಳಲ್ಲಿ ವಿಯ್ಯಾರ್ರೆಯಾಲ್‌ಗೆ ಪೆನಾಲ್ಟಿ ಸಿಕ್ಕಿತು. ಹೊಡೆದವರು ರಿಕೆಲ್ಮೆ, ತಡೆದವರು ಗೋಲಿ ಲೆಹ್ಮನ್. ಫೈನಲ್ ಕೈತಪ್ಪಿತು.

ಎರಡು ತಿಂಗಳಾದ ಮೇಲೆ ಬರ್ಲಿನ್, ಜರ್ಮನಿ ವಿರುದ್ಧ ವಿಶ್ವಕಪ್ ಕ್ವಾರ್ಟರ್ ಫೈನಲ್. ನಮ್ಮಲ್ಲಿ ಆಗ ರಾತ್ರಿ ಎಂಟೂವರೆ, ಊಟದ ಹೊತ್ತು. ರಿಕೆಲ್ಮೆ ಹೊಡೆದ ಕಾರ್ನರ್‌ಗೆ ಅಯಾಲಾ ತಲೆ ಕೊಟ್ಟು ಗೋಲು ಮಾಡಿದರು, ಅರ್ಜೆಂಟೀನಾ 1-0. 72ನೇ ನಿಮಿಷದಲ್ಲಿ ಕೋಚ್ ಪೆಕರ್‌ಮನ್ ರಿಕೆಲ್ಮೆಯನ್ನು ಹೊರಗೆ ಕರೆದು ಕಾಂಬಿಯಾಸೊ ಅವರನ್ನು ಇಳಿಸಿದರು. ಮುನ್ನಡೆ ಕಾಪಾಡುವ ಲೆಕ್ಕಾಚಾರ. ಆದರೆ ಚೆಂಡನ್ನು ಹಿಡಿದಿಟ್ಟುಕೊಳ್ಳುವುದೇ ಅತಿ ಒಳ್ಳೆಯ ಕಾವಲು. ಅದು ಬಲ್ಲವರನ್ನೇ ಹೊರಗೆ ಕೂರಿಸಿದರಲ್ಲ! 80ನೇ ನಿಮಿಷದಲ್ಲಿ ಜರ್ಮನಿಯ ಕ್ಲೋಸೆ ಸಮ ಮಾಡಿದರು. ಪೆನಾಲ್ಟಿ ಶೂಟೌಟ್‌ನಲ್ಲಿ ಅರ್ಜೆಂಟೀನಾದ ಕೊನೆಯ ಕಿಕ್ ಅದೇ ಕಾಂಬಿಯಾಸೊ ಅವರದು. ತಡೆದವರು ಮತ್ತೆ ಅದೇ ಲೆಹ್ಮನ್, ಈ ಸಲ ಜರ್ಮನಿಯ ಗೋಲಿಯಾಗಿ. ಅರ್ಜೆಂಟೀನಾ ಸೋತಿತು. ಇಷ್ಟು ವರ್ಷಗಳಾದರೂ ಆ ಬದಲಾವಣೆಯನ್ನು ಒಪ್ಪಿಕೊಳ್ಳಲು ನನಗೆ ಆಗಿಲ್ಲ.

2007ರಲ್ಲಿ ಬೋಕಾಗೆ ಮರಳಿದರು. ದಕ್ಷಿಣ ಅಮೆರಿಕದ ಕ್ಲಬ್‌ಗಳ ಪಂದ್ಯಾವಳಿ ಕೋಪಾ ಲಿಬರ್ಟಡೋರೆಸ್‌ನ ಎರಡು ಪಂದ್ಯಗಳ ಫೈನಲ್‌ನಲ್ಲಿ ಬ್ರೆಜಿಲ್‌ನ ಗ್ರೆಮಿಯೊ ವಿರುದ್ಧ ರಿಕೆಲ್ಮೆಯದೇ ತಮ್ಮ ಅಂಗಳದಲ್ಲಿ ಒಂದು ಗೋಲು, ಅವರ ಅಂಗಳದಲ್ಲಿ ಎರಡು. ಎರಡೂ ಪಂದ್ಯ ಸೇರಿ ಬೋಕಾಗೆ 5-0 ಗೆಲುವು. ಮರುವರ್ಷ ಬೀಜಿಂಗ್ ಒಲಿಂಪಿಕ್ಸ್ ಚಿನ್ನ. 2015ರಲ್ಲಿ ನಿವೃತ್ತಿ.

ಬೀಳ್ಕೊಡುಗೆ ಪಂದ್ಯ ನಡೆದದ್ದು 2023ರ ಜೂನ್ 25ರಂದು, ಬೋಕಾದ ಬೊಂಬೊನೇರಾ ಅಂಗಳದಲ್ಲಿ. ಆಡಲು ಮೆಸ್ಸಿಯೂ ಬಂದಿದ್ದರು. ಬರ್ಲಿನ್‌ನ ಆ ರಾತ್ರಿ ಕೊನೆಯವರೆಗೂ ಬೆಂಚಿನಲ್ಲೇ ಕೂತಿದ್ದ ಹತ್ತೊಂಬತ್ತರ ಹುಡುಗ, ಈಗ ವಿಶ್ವಕಪ್ ಗೆದ್ದ ನಾಯಕ. ಇಬ್ಬರ ಹುಟ್ಟುಹಬ್ಬವೂ ಒಂದೇ ದಿನ, ಜೂನ್ 24.