ಹೊಗಳಿಕೆ ಸಾಕು, ಹೊಣೆ ಕೊಡಿ

ನಮಸ್ಕಾರ. 2024ರ ಮಾರ್ಚ್ ತಿಂಗಳಲ್ಲಿ, ಅಮೆರಿಕದಲ್ಲಿ ಹುಟ್ಟಿದ ಕ್ರೈಸ್ತ ಪಂಥವಾದ ಮಾರ್ಮನ್ ಚರ್ಚಿನ ಮಹಿಳಾ ನಾಯಕಿ ಜೆ. ಆನೆಟ್ ಡೆನ್ನಿಸ್ ಒಂದು ಮಾತು ಹೇಳಿದರು. ಹೆಂಗಸರಿಗೆ ಇಷ್ಟು ವ್ಯಾಪಕವಾಗಿ ಶಕ್ತಿಯನ್ನೂ ಅಧಿಕಾರವನ್ನೂ ಕೊಟ್ಟಿರುವ ಇನ್ನೊಂದು ಧಾರ್ಮಿಕ ಸಂಸ್ಥೆ ತಮಗೆ ಗೊತ್ತಿಲ್ಲ ಎಂದು. ಚರ್ಚ್ ಅದನ್ನು ತನ್ನ ಇನ್‌ಸ್ಟಾಗ್ರಾಮ್ ಖಾತೆಯಲ್ಲಿ ಹಾಕಿತು. ಸಾವಿರಾರು ಪ್ರತಿಕ್ರಿಯೆಗಳು ಬಂದವು. ಬರೆದವರಲ್ಲಿ ಅನೇಕರು ಆ ಚರ್ಚಿನಲ್ಲೇ ಹುಟ್ಟಿ ಬೆಳೆದ, ಪ್ರತಿ ಭಾನುವಾರ ತಪ್ಪದೆ ಆರಾಧನೆಗೆ ಹೋಗುವ ಹೆಂಗಸರು. ಅವರು ಕೇಳಿದ್ದು ಇಷ್ಟೇ: ಆ ಅಧಿಕಾರ ಎಲ್ಲಿದೆ, ತೋರಿಸಿ.

ನಾನು ಆ ಮತದವಳಲ್ಲ. ಆದರೆ ಈ ಚರ್ಚ್ ನಮ್ಮಿಂದ ದೂರವೂ ಇಲ್ಲ. ಭಾರತದ ತನ್ನ ಮೊದಲ ಮಂದಿರವನ್ನು (ಭಾನುವಾರದ ಆರಾಧನೆಗಲ್ಲ, ಮದುವೆಯಂಥ ಪವಿತ್ರ ವಿಧಿಗಳಿಗೆ ಇರುವ ಕಟ್ಟಡ) ಬೆಂಗಳೂರಿನಲ್ಲಿ ಕಟ್ಟುವುದಾಗಿ ಅದು 2018ರಲ್ಲಿ ಘೋಷಿಸಿತು, 2020ರ ಡಿಸೆಂಬರ್‌ನಲ್ಲಿ ಕೆಲಸ ಆರಂಭಿಸಿತು. ಆ ಹೆಂಗಸರ ಪ್ರಶ್ನೆ ನ್ಯಾಯವಾದದ್ದು ಎಂದು ನಾನು ನಂಬಿದ್ದೇನೆ. ಯಾಕೆಂದು ಹೇಳುತ್ತೇನೆ.

ಈ ಚರ್ಚಿನಲ್ಲಿ ಸಂಬಳ ಪಡೆಯುವ ಪಾದ್ರಿ ಊರೂರಿಗೆ ಇರುವುದಿಲ್ಲ. ಸಾಮಾನ್ಯ ಸದಸ್ಯರೇ ಸರದಿಯಂತೆ ಹೊಣೆ ಹೊರುತ್ತಾರೆ. ಹನ್ನೆರಡರ ಆಸುಪಾಸಿನ ಹುಡುಗನಿಗೇ ಯಾಜಕತ್ವದ, ಅಂದರೆ ದೇವರ ಹೆಸರಿನಲ್ಲಿ ವಿಧಿ ನಡೆಸುವ ಅಧಿಕಾರದ, ಮೊದಲ ಮೆಟ್ಟಿಲು ಸಿಗುತ್ತದೆ. ಭಾನುವಾರ ಪವಿತ್ರ ರೊಟ್ಟಿಯ ತಟ್ಟೆ ಹಿಡಿದು ಸಭೆಗೆ ಹಂಚುವವನು ಅವನು. ಅವನಿಗೆ ಜನ್ಮ ಕೊಟ್ಟವಳಿಗೆ, ಅವನ ಅಕ್ಕನಿಗೆ, ಅಜ್ಜಿಗೆ ಆ ಯಾಜಕತ್ವ ಎಂದೂ ಸಿಗುವುದಿಲ್ಲ. ಊರಿನ ಸಭೆಯ ಮುಖ್ಯಸ್ಥ ಬಿಷಪ್ ಗಂಡಸು, ಅವರ ಇಬ್ಬರು ಸಲಹೆಗಾರರೂ ಗಂಡಸರು, ಇಡೀ ಚರ್ಚಿನ ಮೇಲಿನ ನಾಯಕರಾದ ಹನ್ನೆರಡು ಅಪೊಸ್ತಲರೂ ಗಂಡಸರು. ಹೆಂಗಸರ ಸಂಘ ರಿಲೀಫ್ ಸೊಸೈಟಿಗೆ ಅಧ್ಯಕ್ಷೆ ಇದ್ದಾರೆ, ನಿಜ. ಅವರನ್ನು ನೇಮಿಸುವವರೂ ಬಿಡುಗಡೆ ಮಾಡುವವರೂ ಗಂಡಸರು. ವೇದಿಕೆಯಿಂದ ಮಾತ್ರ ಹೆಂಗಸರಿಗೆ ಹೊಗಳಿಕೆಯ ಮಳೆ. ಮನೆಯ ಯಜಮಾನಿ ನೀನೇ ಎಂದು ಕೊಂಡಾಡಿ, ಬೀಗದ ಕೈಯನ್ನು ತಾನೇ ಸೊಂಟಕ್ಕೆ ಸಿಕ್ಕಿಸಿಕೊಂಡ ಹಾಗೆ.

ಇದು ಮೊದಲಿನಿಂದಲೂ ಹೀಗೇ ಇತ್ತೇ? ಇರಲಿಲ್ಲ. ರಿಲೀಫ್ ಸೊಸೈಟಿ 1842ರಲ್ಲಿ ಇಲಿನಾಯ್ ರಾಜ್ಯದ ನಾವೂ ಊರಿನಲ್ಲಿ ಹುಟ್ಟಿತು. ಚರ್ಚ್ ಸ್ಥಾಪಿಸಿದ ಜೋಸೆಫ್ ಸ್ಮಿತ್‌ರ ಹೆಂಡತಿ ಎಮ್ಮಾ ಸ್ಮಿತ್ ಮೊದಲ ಅಧ್ಯಕ್ಷೆ. ಮುಂದೆ ಮಾರ್ಮನರು ಹೋಗಿ ನೆಲೆಸಿದ ಯೂಟಾದಲ್ಲಿ ಆ ಹೆಂಗಸರು ತಮ್ಮದೇ ಹಣ ಕೂಡಿಸಿದರು, ಗೋಧಿ ಸಂಗ್ರಹಿಸಿದರು, ಆಸ್ಪತ್ರೆ ನಡೆಸಿದರು, ಪತ್ರಿಕೆ ಹೊರತಂದರು. ಕಾಯಿಲೆಯವರ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸುತ್ತಿದ್ದರು. ಯೂಟಾದ ಹೆಂಗಸರು 1870ರಲ್ಲೇ ಮತ ಹಾಕಿದರು. 1896ರಲ್ಲಿ ಮಾರ್ತಾ ಹ್ಯೂಸ್ ಕ್ಯಾನನ್ ಎಂಬ ವೈದ್ಯೆ ಅಮೆರಿಕದ ಮೊದಲ ಮಹಿಳಾ ರಾಜ್ಯ ಸೆನೆಟರ್ ಆದರು. ಆ ಚುನಾವಣೆಯಲ್ಲಿ ಸೋತ ಎದುರು ಪಕ್ಷದ ಅಭ್ಯರ್ಥಿಗಳಲ್ಲಿ ಅವರ ಗಂಡನೂ ಇದ್ದರು! ಆಮೇಲೆ ಇಪ್ಪತ್ತನೆಯ ಶತಮಾನದಲ್ಲಿ ಒಂದೊಂದೇ ಕೈತಪ್ಪಿತು. ಕೈಯಿಟ್ಟು ಆಶೀರ್ವದಿಸುವುದು ನಿಂತಿತು. 1970ರ ಹೊತ್ತಿಗೆ ಸಂಘದ ಹಣವೂ ಪತ್ರಿಕೆಯೂ ಅವರದಾಗಿ ಉಳಿಯಲಿಲ್ಲ. ಇಂದಿನ ಹೆಂಗಸರು ಕೇಳುತ್ತಿರುವುದರಲ್ಲಿ ಒಂದಷ್ಟು ಅವರ ಮುತ್ತಜ್ಜಿಯರ ಕೈಯಲ್ಲಿ ಇದ್ದದ್ದೇ.

ಒಬ್ಬರ ಕಥೆಯನ್ನು ಮಾತ್ರ ಸ್ವಲ್ಪ ನಿಧಾನವಾಗಿ ಹೇಳಬೇಕು. ಜೇನ್ ಮ್ಯಾನಿಂಗ್ ಜೇಮ್ಸ್. ಕನೆಕ್ಟಿಕಟ್‌ನ ಕಪ್ಪು ಮಹಿಳೆ. ಮಾರ್ಮನ್ ನಂಬಿಕೆಗೆ ಸೇರಿ 1843ರಲ್ಲಿ ಕುಟುಂಬದೊಂದಿಗೆ ನಾವೂ ಕಡೆಗೆ ಹೊರಟರು. ನ್ಯೂಯಾರ್ಕ್ ರಾಜ್ಯದ ಬಫಲೋದಲ್ಲಿ ದೋಣಿಗೆ ಹತ್ತಿಸಿಕೊಳ್ಳಲಿಲ್ಲ. ಅಲ್ಲಿಂದ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ನಡೆದರು. ಚಪ್ಪಲಿ ಸವೆದು, ಅಂಗಾಲು ಒಡೆದು, ನೆಲದ ಮೇಲೆ ರಕ್ತದ ಹೆಜ್ಜೆಗುರುತು ಕಾಣುತ್ತಿತ್ತೆಂದು ಅವರೇ ಹೇಳಿಕೊಂಡಿದ್ದಾರೆ. ಪ್ರವಾದಿ ಜೋಸೆಫ್ ಸ್ಮಿತ್‌ರ ಮನೆಯಲ್ಲಿ ಕೆಲಸ ಮಾಡಿದರು, 1847ರಲ್ಲಿ ಬಯಲು ಬೆಟ್ಟ ದಾಟಿ ಯೂಟಾದ ಸಾಲ್ಟ್ ಲೇಕ್ ಕಣಿವೆಗೆ ಬಂದರು. ಮಂದಿರದ ಪವಿತ್ರ ವಿಧಿಗಳನ್ನು ತನಗೂ ಕೊಡಿ ಎಂದು ಚರ್ಚಿನ ನಾಯಕರಿಗೆ ಮತ್ತೆ ಮತ್ತೆ ಮನವಿ ಮಾಡಿದರು. ಕಪ್ಪು ಬಣ್ಣದವರಿಗೆ ಇಲ್ಲ ಎಂಬುದೇ ಉತ್ತರ. ಕೊನೆಗೆ 1894ರಲ್ಲಿ ಒಂದು ವಿಶೇಷ ವಿಧಿ ನಡೆಸಿ, ಅನಂತಕಾಲಕ್ಕೂ ಸ್ಮಿತ್ ಮನೆತನದ ಸೇವಕಿಯೆಂದು ಅವರನ್ನು ಬೆಸೆದರು. ಸ್ವರ್ಗದಲ್ಲೂ ಸೇವಕಿ! ಆ ವಿಧಿಗೂ ಅವರನ್ನು ಒಳಗೆ ಬಿಡದೆ, ಅವರ ಪರವಾಗಿ ಬೇರೊಬ್ಬ ಹೆಂಗಸನ್ನು ನಿಲ್ಲಿಸಿದರು. 1908ರಲ್ಲಿ ಅವರು ತೀರಿಕೊಂಡರು. ಕೇಳುತ್ತಲೇ ಇದ್ದರು, ನಂಬಿಕೆ ಬಿಡಲಿಲ್ಲ.

1978ರಲ್ಲಿ ಹೊಸ ದೇವವಾಣಿ ಬಂದಿತೆಂದು ನಾಯಕರು ಘೋಷಿಸಿದರು. ಕಪ್ಪು ಗಂಡಸರಿಗೆ ಯಾಜಕತ್ವ ಸಿಕ್ಕಿತು, ಕಪ್ಪು ಹೆಂಗಸರಿಗೂ ಗಂಡಸರಿಗೂ ಮಂದಿರದ ಬಾಗಿಲು ತೆರೆಯಿತು. ದೇವರು ಇಂದಿಗೂ ಮಾತನಾಡುತ್ತಾನೆ ಎಂಬುದು ಈ ಮತದ ಜೀವಾಳ. ಹಾಗಾದರೆ ಹೆಂಗಸರ ವಿಷಯದಲ್ಲಿ ದೇವರನ್ನು ಮತ್ತೊಮ್ಮೆ ಕೇಳಿ ಎನ್ನುವುದು ಭಕ್ತಿಯಲ್ಲದೆ ಮತ್ತೇನು?

ಕೇಳಿದವರಿಗೆ ಸಿಕ್ಕಿದ್ದು ಬಹಿಷ್ಕಾರ. ಅಮೆರಿಕದ ಸಂವಿಧಾನಕ್ಕೆ ಸಮಾನ ಹಕ್ಕುಗಳ ತಿದ್ದುಪಡಿ ಬೇಕೆಂದು ಹೋರಾಡಿದ ಸೋನಿಯಾ ಜಾನ್ಸನ್‌ರನ್ನು 1979ರಲ್ಲಿ ಹೊರಹಾಕಿದರು. ಹೆಂಗಸರಿಗೂ ಯಾಜಕತ್ವ ಕೊಡಿ ಎಂದು ಸಂಘಟನೆ ಕಟ್ಟಿದ ಕೇಟ್ ಕೆಲ್ಲಿಯವರನ್ನು 2014ರಲ್ಲಿ ಹೊರಹಾಕಿದರು. ಅವರ ಪ್ರಕರಣದಲ್ಲಿ ತೀರ್ಪು ಕೊಟ್ಟವರು ಬಿಷಪ್ ಮತ್ತು ಇಬ್ಬರು ಸಲಹೆಗಾರರು, ಮೂವರೂ ಗಂಡಸರು.

1995ರಲ್ಲಿ ಚರ್ಚ್ ಕುಟುಂಬದ ಬಗ್ಗೆ ಒಂದು ಘೋಷಣೆ ಹೊರಡಿಸಿತು. ತಂದೆ ಮನೆಯ ಮುಖ್ಯಸ್ಥ, ದುಡಿದು ಸಾಕುವವನು. ಮಕ್ಕಳ ಪಾಲನೆ ಮುಖ್ಯವಾಗಿ ತಾಯಿಯ ಹೊಣೆ. ಅದನ್ನು ಮೊದಲು ಓದಿದ್ದು ಹೆಂಗಸರ ಸಭೆಯಲ್ಲೇ. ಆಗ ರಿಲೀಫ್ ಸೊಸೈಟಿಯ ಅಧ್ಯಕ್ಷ ಮಂಡಳಿಯಲ್ಲಿದ್ದ ಚಿಯೆಕೊ ಒಕಝಾಕಿ ಮುಂದೊಂದು ಸಂದರ್ಶನದಲ್ಲಿ, ಅದನ್ನು ಬರೆಯುವಾಗ ತಮ್ಮನ್ನು ಯಾರೂ ಕೇಳಿರಲಿಲ್ಲ ಎಂದರು. ತಾಯಂದಿರ ಕರ್ತವ್ಯ ಬರೆಯುವಾಗ ಹೆಂಗಸರ ನಾಯಕಿಯರನ್ನೇ ಕೇಳದ ಮೇಲೆ, ಇನ್ನು ಯಾವ ಸಂಗತಿಗೆ ಕೇಳುತ್ತಾರೆ?

ಇದಕ್ಕೆ ಬರುವ ಆಕ್ಷೇಪವೂ ಹಗುರವಲ್ಲ. ಅಮೆರಿಕದ ಪ್ಯೂ ಸಂಸ್ಥೆಯ 2011ರ ಸಮೀಕ್ಷೆಯಲ್ಲಿ ಮಾರ್ಮನ್ ಹೆಂಗಸರಲ್ಲಿ ಸುಮಾರು 90 ಶೇಕಡ ಮಂದಿ ಹೆಂಗಸರಿಗೆ ಯಾಜಕತ್ವ ಬೇಡ ಎಂದರು. ಅವರ ಮಾತನ್ನು ನಾನು ಗೌರವಿಸುತ್ತೇನೆ. ಬೇಡವೆನ್ನುವ ಹಕ್ಕು ಅವರದು. ಆದರೆ ಬೇಕು ಎಂದವಳು ಮಗಳ ಮದುವೆಯ ವಿಧಿಗೂ ಮಂದಿರದೊಳಗೆ ಹೋಗಲಾಗದಂತೆ ಬಹಿಷ್ಕೃತಳಾಗುವ ಜಾಗದಲ್ಲಿ, ಬೇಕು ಎನ್ನುವುದು ಎಷ್ಟು ದುಬಾರಿ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಬದಲಾವಣೆ ಆಗಿಲ್ಲವೆಂದಲ್ಲ. ಚರ್ಚಿನ ಮಹಾಸಭೆಯಲ್ಲಿ ಹೆಂಗಸೊಬ್ಬರು ಮೊದಲ ಸಲ ಪ್ರಾರ್ಥನೆ ಮಾಡಿದ್ದು 2013ರಲ್ಲಿ. 2019ರಿಂದ ದೀಕ್ಷಾಸ್ನಾನಕ್ಕೆ ಹೆಂಗಸರೂ ಸಾಕ್ಷಿಗಳಾಗಬಹುದು. ಸಲಿಂಗ ದಂಪತಿಗಳ ಮಕ್ಕಳಿಗೆ ದೀಕ್ಷೆ ನಿರಾಕರಿಸಿದ 2015ರ ನಿಯಮವನ್ನು ಅದೇ 2019ರಲ್ಲಿ ಹಿಂತೆಗೆದುಕೊಂಡರು. ಇವೆಲ್ಲ ಆದಾಗ ಚರ್ಚ್ ಕುಸಿಯಲಿಲ್ಲ.

ಯಾಜಕತ್ವದ ದೊಡ್ಡ ಪ್ರಶ್ನೆ ಇತ್ಯರ್ಥವಾಗುವವರೆಗೂ ಕೈಕಟ್ಟಿ ಕೂರಬೇಕಿಲ್ಲ. ರೊಟ್ಟಿಯ ತಟ್ಟೆ ಸಾಲಿನಲ್ಲಿ ಕೂತ ಹೆಂಗಸರ ಕೈಯಿಂದ ಕೈಗೆ ಈಗಲೂ ದಾಟುತ್ತದೆ. ಹುಡುಗಿಯೊಬ್ಬಳು ನಿಂತು ಅದನ್ನು ಹಂಚಿದರೆ ಯಾವ ಸಿದ್ಧಾಂತ ಕೆಡುತ್ತದೆ? ಸಭೆಯ ಹಣದ ಲೆಕ್ಕ ಹೆಂಗಸರು ಬರೆಯಲಿ. ಹದಿಹರೆಯದ ಹುಡುಗಿಯ ಶೀಲದ ಬಗ್ಗೆ ಪ್ರಶ್ನೆ ಕೇಳುವ ಸಂದರ್ಶನವನ್ನು ಗಂಡಸಿನ ಬದಲು ಹೆಂಗಸು ನಡೆಸಲಿ. ಮತ್ತು ಹೆಂಗಸೊಬ್ಬಳನ್ನು ವಿಚಾರಣೆಗೆ ಕರೆದ ದಿನ, ತೀರ್ಪು ಕೊಡುವವರ ಸಾಲಿನಲ್ಲಿ ಹೆಂಗಸರಿಗೂ ಕುರ್ಚಿ ಹಾಕಲಿ.