ಹೃದಯದ ಎಂಆರ್‌ಐ ಬೇಗ ಮುಗಿಯಲಿ, ಆದರೆ ಯಾರ ಹೃದಯದ ಮೇಲೆ ಪರೀಕ್ಷೆ ಮಾಡಿದ್ದಾರೆ?

ನಮಸ್ಕಾರ. ಹುಟ್ಟಿನಿಂದಲೇ ಹೃದಯದ ತೊಂದರೆ ಇರುವ ಒಂದು ಮಗುವಿಗೆ ಆಪರೇಷನ್ ಆಗಿದೆ ಅಂದುಕೊಳ್ಳಿ. ಎರಡೂ ಶ್ವಾಸಕೋಶಕ್ಕೆ ರಕ್ತ ಸರಿಯಾಗಿ ಹೋಗುತ್ತಿದೆಯಾ? ಕವಾಟದಿಂದ ಎಷ್ಟು ವಾಪಸ್ ಸೋರುತ್ತಿದೆ? ಡಾಕ್ಟರಿಗೆ ಇದು ಗೊತ್ತಾಗಲೇಬೇಕು. ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್ ಮಾಡಿದರೆ ಸಾಕಷ್ಟು ತಿಳಿಯುತ್ತದೆ. ಆದರೆ ಅದರಲ್ಲಿ ರಕ್ತದ ವೇಗ ಅಳೆಯುವ ಡಾಪ್ಲರ್ ವಿಧಾನ ಹಿಡಿಯುವುದು ಶಬ್ದದ ಅಲೆ ಹೋಗುವ ದಿಕ್ಕಿನ ವೇಗವನ್ನು ಮಾತ್ರ. ರಕ್ತ ಓರೆಯಾಗಿ ಹರಿದರೆ ಲೆಕ್ಕ ಕಡಿಮೆ ಬರುತ್ತದೆ. ರಕ್ತದ ಹರಿವನ್ನು ಅಳೆಯುವ ಫೋರ್‌ಡಿ ಫ್ಲೋ ಎಂಆರ್‌ಐ ಸ್ಕ್ಯಾನ್ ಹಾಗಲ್ಲ. ಹೃದಯ ಹಿಗ್ಗಿ ಕುಗ್ಗುವಷ್ಟು ಹೊತ್ತೂ ಮೂರು ದಿಕ್ಕಿನ ವೇಗವನ್ನೂ ತೋರಿಸುತ್ತದೆ.

ತೊಂದರೆ ಇರುವುದು ಟೈಮಿನದು. ಕಾಂತಕ್ಷೇತ್ರದ ಏರಿಳಿತದಲ್ಲಿ ರಕ್ತ ಹರಿದಾಗ ಅದರ ಸಿಗ್ನಲ್‌ನ ಫೇಸ್, ಅಂದರೆ ಅಲೆ ತನ್ನ ಸುತ್ತಿನಲ್ಲಿ ಎಲ್ಲಿದೆ ಅನ್ನೋದು, ಬದಲಾಗುತ್ತದೆ. ವೇಗ ಎಷ್ಟೋ ಬದಲಾವಣೆಯೂ ಅಷ್ಟು. ಇದನ್ನು ಅಳೆಯಲು ಸಾಮಾನ್ಯವಾಗಿ ನಾಲ್ಕು ಸಲ ಸಿಗ್ನಲ್ ತೆಗೆಯಬೇಕು: ಹೋಲಿಸಿ ನೋಡಲು ಒಂದು, ದಿಕ್ಕಿಗೊಂದರಂತೆ ಮೂರು. ಅದೂ ಇಸಿಜಿಗೆ ಹೊಂದಿಸಿಕೊಂಡು. ಉಸಿರಾಡುವಾಗ ಎದೆ ಅಲ್ಲಾಡಿದರೆ ಅಷ್ಟು ಡೇಟಾ ಬಿಟ್ಟು ಮತ್ತೆ ತೆಗೆಯಬೇಕು. ಹೀಗೆ ಹತ್ತು ನಿಮಿಷ, ಕೆಲವೊಮ್ಮೆ ಇಪ್ಪತ್ತು ನಿಮಿಷವೂ ಹಿಡಿಯುತ್ತದೆ. ಮಗು ಅಷ್ಟೊತ್ತು ಸುಮ್ನೆ ಮಲಗುತ್ತಾ? ಅದಕ್ಕೇ ಚಿಕ್ಕ ಮಕ್ಕಳಿಗೆ ಎಷ್ಟೋ ಸಲ ಅರಿವಳಿಕೆ ಕೊಡಬೇಕಾಗುತ್ತದೆ. ಹಾಗಾಗಿ ಉಳಿಸಿದ ಒಂದೊಂದು ನಿಮಿಷಕ್ಕೂ ಬೆಲೆ ಇದೆ.

ಬೇಗ ಮುಗಿಸಬೇಕು ಅಂದರೆ ಕಡಿಮೆ ಡೇಟಾ ತೆಗೆಯಬೇಕು, ಬಿಟ್ಟದ್ದನ್ನು ಲೆಕ್ಕ ಹಾಕಿ ತುಂಬಬೇಕು. 1999ರಲ್ಲಿ ಬಂದ ಸೆನ್ಸ್ ವಿಧಾನ ಸಿಗ್ನಲ್ ಹಿಡಿಯುವ ಹಲವು ಕಾಯಿಲ್‌ಗಳನ್ನು (ತಂತಿ ಸುರುಳಿಗಳನ್ನು) ಒಟ್ಟಿಗೆ ಬಳಸಿ ಈ ಕೆಲಸ ಮಾಡಿತು. 2007ರಲ್ಲಿ ಮೈಕಲ್ ಲಸ್ಟಿಗ್, ಡೇವಿಡ್ ಡೊನೊಹೊ ಮತ್ತು ಜಾನ್ ಪಾಲಿ ಕಂಪ್ರೆಸ್ಡ್ ಸೆನ್ಸಿಂಗ್ ಅನ್ನೋ, ಕಡಿಮೆ ಡೇಟಾದಿಂದ ಪೂರ್ತಿ ಚಿತ್ರ ಕಟ್ಟುವ ಗಣಿತದ ವಿಧಾನವನ್ನು ಎಂಆರ್‌ಐಗೆ ತಂದರು. 2020ರಲ್ಲಿ ಜ್ಯೂರಿಕ್‌ನ ಇಟಿಎಚ್‌ ವಿಶ್ವವಿದ್ಯಾಲಯದ ತಂಡ ಫ್ಲೋವಿಎನ್ ಅನ್ನೋ ನ್ಯೂರಲ್ ನೆಟ್‌ವರ್ಕ್, ಅಂದರೆ ಉದಾಹರಣೆಗಳಿಂದ ಕಲಿಯುವ ಕಂಪ್ಯೂಟರ್ ಪ್ರೋಗ್ರಾಂ ಮಾಡಿತು. ಹತ್ತರಲ್ಲಿ ಒಂದು ಪಾಲು ಡೇಟಾ ಇದ್ದರೆ ಸಾಕು, ಸ್ಕ್ಯಾನ್ ಆದ ಮೇಲೆ 21 ಸೆಕೆಂಡಿನ ಲೆಕ್ಕಾಚಾರದಲ್ಲಿ ಚಿತ್ರ ಸಿದ್ಧ.

ನನಗೆ ಇದರಲ್ಲಿ ತುಂಬ ಹಿಡಿಸಿದ್ದು ಆ 21 ಸೆಕೆಂಡ್ ಅಲ್ಲ. ಆ ನೆಟ್‌ವರ್ಕ್ ಕಲಿತದ್ದು ಆರೋಗ್ಯವಾಗಿದ್ದ 11 ಜನರ ಸ್ಕ್ಯಾನ್‌ಗಳಿಂದ. ಆದರೂ ಆ ತಂಡ ಅದನ್ನು ಕಿರಿದಾದ ಮಹಾಪಧಮನಿಯ (ಹೃದಯದಿಂದ ದೇಹಕ್ಕೆ ರಕ್ತ ಒಯ್ಯುವ ದೊಡ್ಡ ನಾಳದ) ಮೇಲೂ ಪರೀಕ್ಷಿಸಿ ತೋರಿಸಿತು. ಮುಖ್ಯವಾದದ್ದು ಅದೇ, ಅಲ್ವಾ? ಚೆನ್ನಾಗಿರುವ ಹೃದಯದಲ್ಲಿ ರಕ್ತ ನೀಟಾಗಿ ಹರಿಯುತ್ತದೆ. ಅಲ್ಲಿ ಬಿಟ್ಟ ಡೇಟಾ ತುಂಬುವುದು ಸುಲಭ.

ಕಿರಿದಾದ ಕವಾಟದ ಹತ್ತಿರ ಹೋಗಿ ನೋಡಿ. ರಕ್ತ ಸಣ್ಣ ಧಾರೆಯಾಗಿ ಚಿಮ್ಮುತ್ತದೆ. ಅದರ ಅಗಲ ಕೆಲವೇ ಮಿಲಿಮೀಟರ್. ವೇಗ ತುತ್ತತುದಿಯಲ್ಲಿರುವುದು ಒಂದು ಕ್ಷಣ ಅಷ್ಟೇ. ಲೆಕ್ಕಾಚಾರ ಚಿತ್ರವನ್ನು ನುಣುಪು ಮಾಡಲು ಹೋದರೆ ಮೊದಲು ಅಳಿಸಿಹೋಗುವುದು ಇದೇ. ಮಹಾಪಧಮನಿಯ ಕವಾಟದಲ್ಲಿ ವೇಗ ಸೆಕೆಂಡಿಗೆ 4 ಮೀಟರ್ ಮುಟ್ಟಿದರೆ ಅದನ್ನು ತೀವ್ರ ಕಾಯಿಲೆ ಅಂತ ಎಣಿಸುತ್ತಾರೆ. 4 ಇದ್ದದ್ದು 3.5 ಅಂತ ಕಂಡರೆ ಚಿತ್ರ ನೋಡಲು ಚಂದವೇ ಇರುತ್ತದೆ. ರೋಗಿಗೆ ಮಾತ್ರ ತಪ್ಪು ಉತ್ತರ ಸಿಗುತ್ತದೆ.

ಹಾಗಂತ ನಾನು ಸ್ಕ್ಯಾನ್ ಬೇಗ ಮುಗಿಸುವುದಕ್ಕೆ ವಿರೋಧಿ ಅಲ್ಲ, ಖಂಡಿತ ಅಲ್ಲ. ಈ ಸ್ಕ್ಯಾನ್ ಐದು ನಿಮಿಷದೊಳಗೆ ಎಲ್ಲ ಕಡೆ ಆಗಬೇಕು ಅನ್ನೋದೇ ನನ್ನ ಆಸೆ. ಆದರೆ ಆಸ್ಪತ್ರೆಗಳು ಹೊಸ ಸಾಫ್ಟ್‌ವೇರ್ ಕೊಳ್ಳುವಾಗ 'ಎಷ್ಟು ನಿಮಿಷ ಉಳಿಯುತ್ತೆ' ಅಂತ ಕೇಳುವುದಕ್ಕೆ ಮುಂಚೆ, 'ಸೋರುವ ಕವಾಟ, ಕಿರಿದಾದ ಕವಾಟ, ಆಪರೇಷನ್ ಆದ ಮಕ್ಕಳ ಹೃದಯ, ಇವುಗಳ ಮೇಲೆ ಪರೀಕ್ಷಿಸಿದ್ದೀರಾ, ಅಂಕಿ ತೋರಿಸಿ' ಅಂತ ಕೇಳಬೇಕು. ತೋರಿಸದಿದ್ದರೆ ಕೊಳ್ಳಬಾರದು.