ಶುದ್ಧೋದನ ಮಹಾರಾಜ ಅಲ್ಲ ಕಣ್ರೀ!

ನಮಸ್ಕಾರ. ಹೋದ ವಾರದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ಸುಮ್ನೆ ತಲೆ ತಿನ್ನಬೇಡಿ. ಬುದ್ಧ ರಾಜಕುಮಾರ, ಅವರಪ್ಪ ಶುದ್ಧೋದನ ಮಹಾರಾಜ. ಚಿಕ್ಕ ಮಕ್ಕಳಿಗೂ ಗೊತ್ತು." ಓದಿ ಮೈ ಉರಿದುಹೋಯಿತು.

ಮಕ್ಕಳಿಗೆ ಕಲಿಸಿರುವುದೇ ತಪ್ಪು! ಹಿಮಾಲಯದ ತಪ್ಪಲಿನ ಕಪಿಲವಸ್ತುವನ್ನು ನಡೆಸುತ್ತಿದ್ದದ್ದು ಬುದ್ಧನ ಕುಲದವರಾದ ಶಾಕ್ಯರ ಗಣ. ಕುಲದವರು ಒಟ್ಟಿಗೆ ಕೂತು ತೀರ್ಮಾನ ಮಾಡುತ್ತಿದ್ದರು. ಕೂಡುತ್ತಿದ್ದ ಜಾಗದ ಹೆಸರು ಸಂಥಾಗಾರ. ಬುದ್ಧನ ಉಪದೇಶಗಳ ಪಾಲಿ ಗ್ರಂಥ ದೀಘ ನಿಕಾಯದಲ್ಲಿ ಅಂಬಟ್ಠ ಅನ್ನುವ ಬ್ರಾಹ್ಮಣ ಹುಡುಗ ಗುರುಗಳ ಕೆಲಸದ ಮೇಲೆ ಅಲ್ಲಿಗೆ ಹೋಗುತ್ತಾನೆ. ಒಳಗೆ ಶಾಕ್ಯರು ಎತ್ತರದ ಪೀಠಗಳ ಮೇಲೆ ಕೂತು, ಒಬ್ಬರನ್ನೊಬ್ಬರು ಬೆರಳಿನಿಂದ ತಿವಿದುಕೊಂಡು ನಗುತ್ತಿದ್ದಾರೆ. "ಬಾಪ್ಪ, ಕೂತ್ಕೋ" ಅಂದವರು ಒಬ್ಬರೂ ಇಲ್ಲ. ಹುಡುಗನಿಗೆ ಕೆಂಡದಂಥ ಕೋಪ. ಈಗ ಹೇಳಿ, ಮಹಾರಾಜನ ಒಡ್ಡೋಲಗದಲ್ಲಿ ಹೀಗೆ ತಿವಿದಾಡುತ್ತಾರಾ?

"ಗ್ರಂಥದಲ್ಲಿ ರಾಜ ಅಂತ ಇದೆಯಲ್ಲ ಸರ್." ಇದೆ ಮಾರಾಯ್ರೇ! ಗಣಗಳಲ್ಲಿ ಸಭೆಗೆ ಬರುವ ಯಜಮಾನರಿಗೂ ರಾಜ ಅಂತಲೇ ಹೆಸರು. ವೈಶಾಲಿಯ ಲಿಚ್ಛವಿಗಳದ್ದೂ ಗಣವೇ; ಅಲ್ಲಿ 7,707 ರಾಜರಿದ್ದರು ಅನ್ನುತ್ತದೆ ಬುದ್ಧನ ಹಿಂದಿನ ಜನ್ಮಗಳ ಜಾತಕ ಕಥೆ. ಒಂದೇ ಊರಿಗೆ ಅಷ್ಟು ಮಹಾರಾಜರಾ? ಕಿರೀಟ ಮಾಡುವ ಅಕ್ಕಸಾಲಿಗನ ಗತಿ ಏನು!

"ಶಾಕ್ಯರು ಕೋಸಲ ರಾಜ್ಯದ ಕೈಕೆಳಗೆ ಇದ್ದರು." ಇದ್ದರು. ನಿಜವಾದ ಮಹಾರಾಜ ಶ್ರಾವಸ್ತಿಯಲ್ಲಿದ್ದ ಪ್ರಸೇನಜಿತ್. ಅವನು ಶಾಕ್ಯರ ಹೆಣ್ಣು ಕೇಳಿದಾಗ ಏನಾಯಿತು? ಎಲ್ಲರೂ ಸಭೆ ಸೇರಿದರು. ಮಹಾನಾಮ ಅನ್ನುವ ಶಾಕ್ಯ, ದಾಸಿಯಲ್ಲಿ ತನಗೆ ಹುಟ್ಟಿದ ಮಗಳನ್ನು ಕಳಿಸೋಣ ಅಂದ. ಎಲ್ಲರೂ ಒಪ್ಪಿದರು. ಮುಂದೆ ಅವಳ ಮಗ ವಿಡೂಡಭ ಅಜ್ಜನ ಊರಿಗೆ ಬಂದಾಗ, ದಾಸಿಯ ಮಗಳ ಮಗ ಅಂತ ಅವನು ಕೂತ ಮಣೆಯನ್ನು ಹಾಲು ನೀರು ಹಾಕಿ ತೊಳೆಸಿದರು. ಅದೇ ಸಿಟ್ಟಿಗೆ ಅವನು ಶಾಕ್ಯರನ್ನು ಕೊಚ್ಚಿಹಾಕಿದ. ಆ ಮಣೆ ನೆನೆಸಿಕೊಂಡರೆ ಈಗಲೂ ಹೊಟ್ಟೆ ಹಿಂಡುತ್ತದೆ.

"ದಾಸಿಯರಿಗೆ ಸಭೆಯಲ್ಲಿ ಜಾಗ ಇತ್ತಾ?" ಇರಲಿಲ್ಲ ಸ್ವಾಮಿ! ಎಲ್ಲರಿಗೂ ಓಟು ಇತ್ತು ಅಂದೆನಾ ನಾನು? ಗಣ ಅಂದೆ. ಗ-ಣ!

ಸಬ್‌ಸ್ಕ್ರೈಬ್ ಆಗಿ, ಗಂಟೆ ಒತ್ತಿ. ಮುಂದಿನ ವಾರ ರೋಹಿಣಿ ಹೊಳೆ ನೀರಿಗೆ ಶಾಕ್ಯರೂ ಪಕ್ಕದ ಕೋಲಿಯ ಕುಲದವರೂ ಕೈಕೈ ಮಿಲಾಯಿಸಲು ಹೊರಟ ಕಥೆ. ಅದರಲ್ಲೂ ಮಹಾರಾಜ ಇಲ್ಲ. ಇಲ್ಲ ಅಂದ್ರೆ ಇಲ್ಲ! ಕಾಮೆಂಟ್ ಹಾಕಿದವರೇ, ನೀವಂತೂ ತಪ್ಪದೇ ಬನ್ನಿ.